ಕೊಳ್ಳುವಾಗ ನೆರವು, ಸತ್ತಾಗ ಪರಿಹಾರ: ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ಕುರಿಗಾರಿಕೆ ಮತ್ತು ಮಾಂಸದ ಕಸುಬು

2022–23ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆಯ ಲೆಕ್ಕ ಸರಳವಾದದ್ದು: ಇಪ್ಪತ್ತು ಕುರಿ, ಒಂದು ಟಗರು, ಘಟಕವೊಂದಕ್ಕೆ 1.75 ಲಕ್ಷ ರೂಪಾಯಿ. ಅದರಲ್ಲಿ ಅರ್ಧ ರಾಷ್ಟ್ರೀಯ ಸಹಕಾರ ಅಭಿವೃದ್ಧಿ ನಿಗಮದ ಸಾಲ, ಉಳಿದದ್ದರಲ್ಲಿ ಒಂದು ಪಾಲು ಸಹಾಯಧನ. ಕುರಿ ಮತ್ತು ಉಣ್ಣೆ ಉತ್ಪಾದಕರ ಸಹಕಾರ ಸಂಘಗಳ 20,000 ಸದಸ್ಯರು ಇದರ ಗುರಿ. ಇನ್ನೊಂದು ತುದಿಯಲ್ಲಿ ‘ಅನುಗ್ರಹ’ ಯೋಜನೆ ಇದೆ. ಆಕಸ್ಮಿಕವಾಗಿ ಸತ್ತ ಕುರಿಗೆ ಕೊಡುತ್ತಿದ್ದ 5,000 ರೂಪಾಯಿಯನ್ನು 2025–26ರ ಬಜೆಟ್‌ನಲ್ಲಿ 7,500ಕ್ಕೆ ಏರಿಸಲಾಯಿತು. ಕುರಿ ಕೊಳ್ಳುವಾಗ ಒಂದು ಕೈ, ಅದು ಸತ್ತಾಗ ಇನ್ನೊಂದು ಕೈ. ಇವೆರಡರ ನಡುವೆ ಕುರಿ ಮೇಯುವ ದಾರಿಗೆ, ಮಾರುವ ಕಟ್ಟೆಗೆ, ಕೊಯ್ಯುವ ಜಾಗಕ್ಕೆ ಸಾರ್ವಜನಿಕ ಹಣ ಬಹಳ ತೆಳ್ಳಗೆ ಹರಿದಿದೆ ಎಂಬುದು ಈ ಲೇಖನದ ವಾದ.

ಈ ಸೀಮೆಯ ಕುರಿಗಾರಿಕೆ ಎರಡು ನೆಲಗಳ ನಡುವಿನ ಕೊಡುಕೊಳ್ಳುವಿಕೆಯಿಂದ ಬದುಕಿಬಂದದ್ದು. ಮಳೆಗಾಲದಲ್ಲಿ ಸಂಡೂರಿನ ಗುಡ್ಡಸಾಲು, ಕೂಡ್ಲಿಗಿ ಕಡೆಯ ಬೆದ್ದಲು ಹೊಲಗಳ ಬದು, ಗೋಮಾಳ. ಕೊಯ್ಲು ಮುಗಿದ ಮೇಲೆ ತುಂಗಭದ್ರೆಯ ನೀರುಂಡ ಕಂಪ್ಲಿ, ಹೊಸಪೇಟೆಯ ಗದ್ದೆ. ಅಲ್ಲಿ ರೈತ ರಾತ್ರಿಗಿಷ್ಟು ಎಂದು ಕಾಳೋ ಹಣವೋ ಕೊಟ್ಟು ಹೊಲದಲ್ಲಿ ಕುರಿ ತರುಬಿಸುತ್ತಿದ್ದ. ಹಿಕ್ಕೆ, ಗಂಜಲ ಗದ್ದೆಗೆ, ಕೂಳೆ ಕುರಿಗೆ. 1953ರಲ್ಲಿ ಜಲಾಶಯ ತುಂಬಿದ ಮೇಲೆ ಈ ವ್ಯವಹಾರ ಮೊದಲು ಹಿಗ್ಗಿತು, ಆಮೇಲೆ ಕುಗ್ಗಿತು. ಎರಡು ಭತ್ತದ ಬೆಳೆ ಬಂದಲ್ಲಿ ಕೊಯ್ಲಿಗೂ ಮುಂದಿನ ನಾಟಿಗೂ ನಡುವೆ ಸಿಗುವ ದಿನಗಳೇ ಕಡಿಮೆ. ಕಬ್ಬು, ಬಾಳೆ ಹಬ್ಬಿದಲ್ಲಿ ಮಂದೆಗೆ ಕಾಲಿಡಲು ಎಡೆಯಿಲ್ಲ. ಗುಡ್ಡದ ಕಡೆ ಕತೆ ಬೇರೆ. ಅಲ್ಲಿ ಅದಿರಿನ ಗಣಿ, ಲಾರಿ ಓಡಾಡುವ ರಸ್ತೆ, ಹುಲ್ಲಿನ ಮೇಲೆ ಕೂರುವ ಕೆಂಪು ಧೂಳು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲೆಗೆ ಸೇರಿದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ವರ್ಷದಲ್ಲಿ ಹಲವು ಸಲ ಈ ಗಡಿ ದಾಟುವ ಮಂದೆಗೆ ಇದೇನೂ ದೊಡ್ಡ ಸಂಗತಿಯಲ್ಲ. ಆದರೆ ‘ಅನುಗ್ರಹ’ದ ಪರಿಹಾರಕ್ಕೆ ಪಶುವೈದ್ಯರ ಮರಣೋತ್ತರ ಪರೀಕ್ಷೆ ಬೇಕು. ಸತ್ತ ಕುರಿಯನ್ನು ಹಟ್ಟಿಯಲ್ಲಿ ಬಿಟ್ಟು, ಉಳಿದ ಮಂದೆಯನ್ನು ಯಾರ ವಶಕ್ಕೋ ಒಪ್ಪಿಸಿ, ಗುರುತಿಲ್ಲದ ಊರಿನ ಆಸ್ಪತ್ರೆಗೆ ನಡೆಯಬೇಕಾದವನು ಕುರಿಗಾಹಿ. ಬೇರು ಬಿಟ್ಟು ಕೂತವನಿಗೆ ಈ ಪರಿಹಾರ ಹತ್ತಿರ, ಅಲೆಯುವವನಿಗೆ ದೂರ.

ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್ ಕೂತವನ ಪರವಾಗಿ ಇನ್ನಷ್ಟು ವಾಲಿದೆ. 2021ರಲ್ಲಿ ಪರಿಷ್ಕೃತವಾದ ಅದರ ಉದ್ಯಮಶೀಲತಾ ಯೋಜನೆ ಬಂಡವಾಳದ ಅರ್ಧವನ್ನು ಸಹಾಯಧನವಾಗಿ ಕೊಡುತ್ತದೆ. 100 ಕುರಿ, 5 ಟಗರಿನ ಘಟಕಕ್ಕೆ 10 ಲಕ್ಷದವರೆಗೆ, 500 ಕುರಿ, 25 ಟಗರಿಗೆ 50 ಲಕ್ಷದವರೆಗೆ. ಜಮೀನು, ಬ್ಯಾಂಕಿನ ಒಪ್ಪಿಗೆ, ಯೋಜನಾ ವರದಿ ಇದ್ದವರಿಗೆ ಇದು ಒಳ್ಳೆಯ ಅವಕಾಶವೇ. ಅಟ್ಟಣಿಗೆ ಕಟ್ಟಿ ಕುರಿ ಸಾಕುವ ವಿದ್ಯಾವಂತ ಯುವಕರನ್ನು ಹಗುರವಾಗಿ ನೋಡುವ ಕಾರಣವಿಲ್ಲ. ಆದರೆ ಇದರಿಂದ ಹುಟ್ಟುವುದು ಹೊಸ ಕುರಿಗಾರರೇ ಹೊರತು ಹಳೆಯ ಕುರಿಗಾಹಿ ಹೊಸ ಕಾಲಕ್ಕೆ ಹೊಂದಿಕೊಂಡಂತಾಗುವುದಿಲ್ಲ. ಹಂಪಿಯ ಸುತ್ತ ಇನ್ನೊಂದು ತೊಡಕಿದೆ: ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಕಟ್ಟಡ ಎಬ್ಬಿಸಲು ಪ್ರತ್ಯೇಕ ಅನುಮತಿ ಬೇಕು.

ಕುರಿ ಹಂಚಿಕೆಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ತೆಲಂಗಾಣವೇ ಸಾಕ್ಷಿ. 2017ರಲ್ಲಿ ಅಲ್ಲಿ ಶುರುವಾದ ಯೋಜನೆಯೂ ಇಪ್ಪತ್ತು ಕುರಿ, ಒಂದು ಟಗರಿನದೇ, ಸಹಾಯಧನ ಶೇ. 75. ಕುರಿಗಳನ್ನು ಕರ್ನಾಟಕವೂ ಸೇರಿದಂತೆ ನೆರೆರಾಜ್ಯಗಳಿಂದ ಕೊಂಡರು. ಒಮ್ಮೆ ಕೊಟ್ಟ ಕುರಿಯನ್ನೇ ಮತ್ತೊಮ್ಮೆ ಲೆಕ್ಕಕ್ಕೆ ತೋರಿಸಿದ ಆರೋಪ ತನಿಖೆಯವರೆಗೂ ಹೋಯಿತು. 2019ರ ಜಾನುವಾರು ಗಣತಿಯಲ್ಲಿ ತೆಲಂಗಾಣ ಮೊದಲ ಸ್ಥಾನದಲ್ಲಿತ್ತು, ಕರ್ನಾಟಕ ಸುಮಾರು 1.11 ಕೋಟಿ ಕುರಿಗಳೊಂದಿಗೆ ಮೂರನೆಯದು. ನಮ್ಮಲ್ಲಿ ಕುರಿಗೇನೂ ಬರವಿಲ್ಲ.

ಬದಲಾವಣೆಯ ನಿಜವಾದ ಒತ್ತಡ ಇರುವುದು ಉಣ್ಣೆಯಿಂದ ಮಾಂಸಕ್ಕೆ ಆದ ಹೊರಳಿನಲ್ಲಿ. ಬಳ್ಳಾರಿ ತಳಿಯ ಒರಟು ಉಣ್ಣೆ ಕಂಬಳಿಗೆ ಒದಗುತ್ತಿತ್ತು. ಕಂಬಳಿಯ ಬೇಡಿಕೆ ಇಳಿದ ಮೇಲೆ ಉಣ್ಣೆ ಕತ್ತರಿಸುವ ಕೂಲಿಯೂ ಗಿಟ್ಟದ ಸ್ಥಿತಿ ಬಂತು, ಮಾಂಸವೇ ಆದಾಯ. ಮಾಂಸದ ಪೇಟೆ ಈ ನೆಲಕ್ಕೆ ಹೊಸತಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್, ಬೀದಿಬೀದಿಯಲ್ಲೂ ಕುರಿಮಾಂಸ ಮಾರುವವರಿದ್ದರೆಂದೂ ಆ ಮಾಂಸ ಕೊಬ್ಬಿ ಶುಚಿಯಾಗಿರುತ್ತಿತ್ತೆಂದೂ ಬರೆದಿದ್ದಾನೆ.

ಇಂದಿನ ಪೇಟೆಯನ್ನು ಹತ್ತಿರದಿಂದ ನೋಡಬೇಕು. ಸಂತೆಯಲ್ಲಿ ದಲ್ಲಾಳಿ ಕುರಿಯ ಬೆನ್ನಮೂಳೆಯ ಇಕ್ಕೆಲ ಅಮುಕಿ, ಬಾಲದ ಬುಡ ಹಿಡಿದು, ಒಮ್ಮೆ ಎತ್ತಿ ಇಳಿಸಿ, ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ದರ ಹೇಳುತ್ತಾನೆ. ತಕ್ಕಡಿ ಇಲ್ಲ. 25 ಕಿಲೋ ತೂಗುವ ಕುರಿಯಲ್ಲಿ ಮಾಂಸ ಸುಮಾರು 12 ಕಿಲೋ. ಅಂದಾಜಿನಲ್ಲಿ ಎರಡು ಕಿಲೋ ಹಿಂದುಮುಂದಾದರೂ ನಷ್ಟ ಸಾಮಾನ್ಯವಾಗಿ ಕುರಿಗಾಹಿಯದೇ. ಕೊಂಡ ಕಟುಕನ ಪಾಡೂ ಹೆಚ್ಚು ಸುಖದ್ದಲ್ಲ. ಹಿಂದೆ ಚರ್ಮದ ದುಡ್ಡಿನಲ್ಲಿ ಕೊಯ್ಯುವ ಖರ್ಚು ಹೊರಡುತ್ತಿತ್ತು, ಈಗ ಚರ್ಮದ ಬೆಲೆ ಬಿದ್ದಿದೆ. ತಲೆ, ಕಾಲು, ಬೋಟಿಯೇ ಮೇಲಾದಾಯ. 2011ರ ಆಹಾರ ಸುರಕ್ಷತಾ ನಿಯಮಾವಳಿಯಂತೆ ದಿನಕ್ಕೆ ಹತ್ತು ಸಣ್ಣ ಪ್ರಾಣಿಗಳವರೆಗೆ ಕೊಯ್ಯುವವನಿಗೆ ಬರಿಯ ನೋಂದಣಿ ಸಾಕು. ಆದರೆ ಕೊಯ್ಯಲು ನೀರು, ಚರಂಡಿ, ತೂಗುಹಾಕುವ ಕೊಕ್ಕೆ ಇರುವ ಜಾಗ ಬೇಕಲ್ಲ? ಒಂದು ಅಂಗಡಿಯವನ ಕೈಯಲ್ಲಿ ಆಗುವ ಕೆಲಸ ಇದಲ್ಲ.

ಸಹಾಯಧನ ಇಲ್ಲವೆಂದಲ್ಲ. ಕಿರು ಆಹಾರ ಸಂಸ್ಕರಣಾ ಘಟಕಗಳ ಪ್ರಧಾನಮಂತ್ರಿ ಯೋಜನೆಯಲ್ಲಿ ಕೇಂದ್ರದ ಶೇ. 35ಕ್ಕೆ ಕರ್ನಾಟಕ ತನ್ನ ಶೇ. 15 ಸೇರಿಸಿ, 15 ಲಕ್ಷದ ಮಿತಿಯಲ್ಲಿ ಅರ್ಧ ಖರ್ಚು ಭರಿಸುತ್ತದೆ. 2020ರ ಪಶುಸಂಗೋಪನಾ ಮೂಲಸೌಕರ್ಯ ನಿಧಿಯಲ್ಲಿ ಮಾಂಸ ಸಂಸ್ಕರಣೆಯ ಸಾಲಕ್ಕೆ ಶೇ. 3ರ ಬಡ್ಡಿ ರಿಯಾಯಿತಿ ಇದೆ. ಎರಡೂ ಸಾಲಕ್ಕೆ ಅಂಟಿಕೊಂಡಿವೆ. ಬಾಡಿಗೆ ಮಳಿಗೆಯಲ್ಲಿ ದಿನಕ್ಕೆ ಮೂರು ಕುರಿ ಕೊಯ್ಯುವವನು ಬ್ಯಾಂಕಿಗೆ ಏನನ್ನು ಒತ್ತೆ ಇಡಬೇಕು? ಇತ್ತ ರಾಜ್ಯದ ದೊಡ್ಡ ಕುರಿ ವಧಾಲಯದ ಯೋಜನೆ ತುಮಕೂರು ಜಿಲ್ಲೆಯ ಶಿರಾಕ್ಕೆ ಹೋಯಿತು. ಹೊಸಪೇಟೆಯ ಅಂಗಡಿಗೆ ಬೇಕಾದದ್ದು ಅಷ್ಟು ದೊಡ್ಡದಲ್ಲ: ನಗರಸಭೆಯ ಜಾಗದಲ್ಲಿ ಹತ್ತಾರು ಜನ ಹಂಚಿಕೊಳ್ಳುವ ಕೊಯ್ಯುವ ಕಟ್ಟೆ, ಶೀತಲ ಕೊಠಡಿ, ಪಶುವೈದ್ಯರ ಮುದ್ರೆ. ಸಂತೆಗೆ ಒಂದು ತೂಕದ ಯಂತ್ರ.

ಇದಕ್ಕೆ ಹಣ ಎಲ್ಲಿಂದ ಎಂದು ಕೇಳುವ ಸೀಮೆ ಇದಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದ ಬಳಿಕ, ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸಂಗ್ರಹವಾದ ಮೊತ್ತ ಸಾವಿರಾರು ಕೋಟಿಯದು. ಅದಕ್ಕಾಗಿಯೇ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವಿದೆ. ಜೊತೆಗೆ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ರಸ್ತೆ, ಕಟ್ಟಡ, ಕುಡಿಯುವ ನೀರಿನ ಹಕ್ಕು ಒಪ್ಪತಕ್ಕದ್ದೇ. ಆದರೆ ಗಣಿ ನುಂಗಿದ್ದರಲ್ಲಿ ಮೇವಿನ ಗುಡ್ಡವೂ ಒಂದು, ಅದರ ಲೆಕ್ಕ ಯಾವ ಸಾಲಿನಲ್ಲೂ ಬಂದಂತಿಲ್ಲ. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಅಂಗೀಕರಿಸಿದ ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ದೌರ್ಜನ್ಯ ತಡೆಯ ವಿಧೇಯಕ ದಾರಿಯಲ್ಲಿರುವವನನ್ನು ಕಾನೂನಿನ ಕಣ್ಣಿಗೆ ಮೊದಲ ಬಾರಿ ತಂದಿದೆ. ಸಂಡೂರಿನಿಂದ ಹೊಸಪೇಟೆ, ಕಂಪ್ಲಿಯ ಗದ್ದೆಗೆ ಇಳಿಯುವ ಮಂದೆಯ ದಾರಿಗಳನ್ನು ಎರಡೂ ಜಿಲ್ಲಾಡಳಿತ ಕೂಡಿ ನಕ್ಷೆಗೆ ತಂದು, ತಂಗುದಾಣ, ನೀರಿನ ತೊಟ್ಟಿ, ಲಸಿಕೆಯ ಶಿಬಿರಗಳಿಗೆ ಈ ಗಣಿ ಹಣದಲ್ಲಿ ಪಾಲು ಬೇಡಬಹುದು. ಬೇಡಿಕೆ ಸಲ್ಲಿಸಬೇಕಾದವರು ಕುರಿಗಾಹಿಗಳ ಸಹಕಾರ ಸಂಘಗಳು. ಅವುಗಳ ಸದಸ್ಯತ್ವದ ಪಟ್ಟಿಯಲ್ಲಿ ವರ್ಷದ ಹೆಚ್ಚಿನ ಭಾಗ ಊರಲ್ಲಿರದವರ ಹೆಸರು ಎಷ್ಟಿವೆ ಎಂಬುದನ್ನು ಮೊದಲು ನೋಡಬೇಕು.