ಹಾರ್ಟ್‌ನಲ್ಲಿ ಬ್ಲಾಕ್ ಇದೆಯಂತೆ! ಯಾವ ಬ್ಲಾಕ್ ಅಂತ ಕೇಳಿದ್ರಾ?

ಜಯನಗರದಲ್ಲಿ ಯಾರಾದರೂ "ನಿಮ್ಮದು ಎಷ್ಟನೇ ಬ್ಲಾಕ್?" ಎಂದು ಕೇಳಿದರೆ ಮನೆ ಎಲ್ಲಿ ಎಂದು ಕೇಳುತ್ತಿದ್ದಾರೆ ಎಂದರ್ಥ. ಅದೇ ಜಯನಗರದ 9ನೇ ಬ್ಲಾಕ್‌ನಲ್ಲಿ, ಬನ್ನೇರುಘಟ್ಟ ರಸ್ತೆಯಲ್ಲಿರುವ ಜಯದೇವ ಹೃದ್ರೋಗ ಆಸ್ಪತ್ರೆಯ ಹೊರಗೆ "ಎಷ್ಟು ಬ್ಲಾಕ್?" ಎಂದರೆ ಉತ್ತರ ಬೇರೆ: "ಎರಡು ಇತ್ತು, ಒಂದಕ್ಕೆ ಸ್ಟೆಂಟ್ ಹಾಕಿದ್ದಾರೆ." ಇಲ್ಲಿಯವರೆಗೆ ಯಾರಿಗೂ ಗೊಂದಲವಿಲ್ಲ. ಆದರೆ ಹೃದಯದ ಬ್ಲಾಕ್‌ನಲ್ಲೇ ಎರಡು ಬಗೆ ಇವೆ. ಒಂದಕ್ಕೂ ಇನ್ನೊಂದಕ್ಕೂ ಹೆಚ್ಚು ಸಂಬಂಧವಿಲ್ಲ, ಒಂದಕ್ಕೆ ಕೊಡುವ ಮಾತ್ರೆ ಇನ್ನೊಂದಕ್ಕೆ ಅಪಾಯವೂ ಆಗಬಹುದು. "ಹಾರ್ಟ್ ಬ್ಲಾಕ್‌ಗೆ ರಾಮಬಾಣ" ಎಂದು ನಮ್ಮ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಓಡಾಡುವ ಸಂದೇಶಗಳು ಇದನ್ನು ಹೇಳುವುದಿಲ್ಲ.

ಮೊದಲು ಪದದ ವಿಷಯ. ಇಂಗ್ಲಿಷಿಗೆ ಬ್ಲಾಕ್ ಎಂಬ ಪದ ಬಂದದ್ದು ಫ್ರೆಂಚ್ ಮೂಲಕ, ಹಳೆಯ ಡಚ್ ಭಾಷೆಯಿಂದ. ಅಲ್ಲಿ ಅದರ ಅರ್ಥ ಮರದ ದಿಮ್ಮಿ. ದಿಮ್ಮಿ ಎಂದರೆ ಒಂದು ಗಟ್ಟಿ ತುಂಡು; ಅದೇ ದಿಮ್ಮಿ ದಾರಿಗೆ ಅಡ್ಡ ಬಿದ್ದರೆ ತಡೆ. ಇವತ್ತಿನ ಎಲ್ಲ ಅರ್ಥಗಳೂ ಈ ಎರಡರಿಂದ ಹುಟ್ಟಿದವು. ಗೋಡೆ ಕಟ್ಟುವ ಸಾಲಿಡ್ ಬ್ಲಾಕ್, ಅಪಾರ್ಟ್‌ಮೆಂಟಿನ ಎ ಬ್ಲಾಕ್, ಬಿ ಬ್ಲಾಕ್, ಬಡಾವಣೆಯ ಬ್ಲಾಕ್, ಇವೆಲ್ಲ ತುಂಡಿನ ಮನೆತನ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರವನ್ನು ಬ್ಲಾಕ್‌ಗಳಾಗಿ ಹಂಚಿದರು. ಜೆ.ಪಿ. ನಗರಕ್ಕೆ ಫೇಸ್ ಬಂತು, ಬನಶಂಕರಿಗೂ ಬಿಟಿಎಂ ಲೇಔಟಿಗೂ ಸ್ಟೇಜ್ ಬಂತು. ಬನಶಂಕರಿ 3ನೇ ಸ್ಟೇಜಿನ ಕೆಲವು ವಿಳಾಸಗಳಲ್ಲಿ ಸ್ಟೇಜ್, ಫೇಸ್, ಬ್ಲಾಕ್ ಮೂರೂ ಇವೆ. ಆ ಕಷ್ಟವನ್ನು ಡೆಲಿವರಿ ಹುಡುಗರೇ ಹೇಳಬೇಕು. (ಸ್ಟೇಜ್ ಎಂಬ ಪದಕ್ಕೂ ಕಿದ್ವಾಯಿ ಆಸ್ಪತ್ರೆಯಲ್ಲಿ ಬೇರೆಯೇ ಅರ್ಥವಿದೆ. ಅದು ಇನ್ನೊಂದು ಲೇಖನಕ್ಕಾಗುವಷ್ಟು ದೊಡ್ಡ ವಿಷಯ.)

ತಡೆಯ ಮನೆತನವೂ ದೊಡ್ಡದೇ. ಚರಂಡಿ ಬ್ಲಾಕ್, ಮೂಗು ಬ್ಲಾಕ್, ವಾಟ್ಸ್‌ಆ್ಯಪ್‌ನಲ್ಲಿ ನಂಬರ್ ಬ್ಲಾಕ್, ಎಟಿಎಂ ಕಾರ್ಡ್ ಬ್ಲಾಕ್. "ಎರಡು ಗಂಟೆಯಲ್ಲಿ ನಿಮ್ಮ ಸಿಮ್ ಬ್ಲಾಕ್ ಆಗುತ್ತದೆ, 9 ಒತ್ತಿ" ಎಂಬ ಕರೆ ಬಂದರೆ ಅದು ಮೋಸ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಇನ್ನು ಸಿನಿಮಾ ಟಿಕೆಟ್ ಬ್ಲಾಕ್‌ನಲ್ಲಿ ಮಾರುತ್ತಾರಲ್ಲ, ಅದು ಕಪ್ಪು ಎಂಬ ಅರ್ಥದ ಬೇರೆಯೇ ಪದ. ನಮ್ಮ ಬಾಯಲ್ಲಿ ಎರಡೂ ಒಂದಾಗಿವೆ.

ಒಂದು ಪದಕ್ಕೆ ಇಷ್ಟೊಂದು ಅರ್ಥವೇ ಎಂದು ಇಂಗ್ಲಿಷನ್ನು ಬೈಯುವಂತಿಲ್ಲ. ನಮ್ಮ "ಕಟ್ಟು" ನೋಡಿ. ಮನೆ ಕಟ್ಟುತ್ತೇವೆ, ಫೀಸು ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ, ನೆಗಡಿ ಬಂದರೆ ಮೂಗು ಕಟ್ಟುತ್ತದೆ. ಯಾರೂ ತಪ್ಪು ತಿಳಿಯುವುದಿಲ್ಲ, ಏಕೆಂದರೆ ಪಕ್ಕದಲ್ಲಿರುವ ಪದವೇ ದಾರಿ ತೋರಿಸುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ತೊಂದರೆ ಆಗುವುದು, ಪಕ್ಕದ ಪದವೂ ಒಂದೇ ಆಗಿರುವುದರಿಂದ. ಎರಡು ಬೇರೆ ಕಾಯಿಲೆಗೂ ನಾವು "ಹಾರ್ಟ್ ಬ್ಲಾಕ್" ಎಂದೇ ಹೇಳುತ್ತೇವೆ.

ಪೈಪ್‌ನ ಬ್ಲಾಕ್, ವೈರ್‌ನ ಬ್ಲಾಕ್

ಹೃದಯ ಒಂದು ಪಂಪ್. ಅದು ಮೈಗೆಲ್ಲ ರಕ್ತ ಕಳಿಸುತ್ತದೆ, ಆದರೆ ಅದರ ಸ್ನಾಯುವಿಗೂ ರಕ್ತ ಬೇಕಲ್ಲ? ಅದನ್ನು ತರುವ ಸಣ್ಣ ರಕ್ತನಾಳಗಳೇ ಕರೋನರಿ ಅಪಧಮನಿಗಳು. ಇವುಗಳ ಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾದರೆ ಅದು ಪೈಪ್‌ನ ಬ್ಲಾಕ್. ಆ್ಯಂಜಿಯೋಗ್ರಾಂ, ಸ್ಟೆಂಟ್, ಬೈಪಾಸ್, ಎಲ್ಲ ಈ ಕಡೆಯ ಮಾತು.

ಪಂಪ್ ಓಡಲು ಕರೆಂಟ್ ಕೂಡ ಬೇಕು. ಹೃದಯದ ಮೇಲ್ಭಾಗದಲ್ಲಿರುವ ಒಂದು ಸಣ್ಣ ಗಂಟು ನಿಮಿಷಕ್ಕೆ ಸುಮಾರು 60ರಿಂದ 100 ಸಲ ವಿದ್ಯುತ್ ಸಂಕೇತ ಹುಟ್ಟಿಸುತ್ತದೆ. ಅದು ನಡುವಿನ ಇನ್ನೊಂದು ಗಂಟಿಗೆ ಬಂದು, ಅಲ್ಲಿಂದ ಬಲ ಮತ್ತು ಎಡ ಎಂಬ ಎರಡು ಕವಲುಗಳಲ್ಲಿ ಕೆಳಗಿಳಿಯುತ್ತದೆ. ಈ ದಾರಿಯಲ್ಲಿ ಸಂಕೇತ ತಡವಾದರೆ ಅಥವಾ ನಿಂತರೆ ಅದು ವೈರ್‌ನ ಬ್ಲಾಕ್. ವೈದ್ಯರ ಪಠ್ಯಪುಸ್ತಕದಲ್ಲಿ "ಹಾರ್ಟ್ ಬ್ಲಾಕ್" ಎಂದರೆ ಇದೇ! ನಾವು ದಿನನಿತ್ಯ ಹೇಳುವ ಪೈಪ್‌ನ ಬ್ಲಾಕ್‌ಗೆ ಅವರು ಕರೋನರಿ ಕಾಯಿಲೆ ಎನ್ನುತ್ತಾರೆ.

ಶುಂಠಿ-ಬೆಳ್ಳುಳ್ಳಿ ರಸ ಕುಡಿದರೆ ಪೈಪ್ ತೆರೆಯುತ್ತದೆಯೇ?

ಶುಂಠಿ, ಬೆಳ್ಳುಳ್ಳಿ, ನಿಂಬೆ ರಸ, ಆ್ಯಪಲ್ ಸೈಡರ್ ವಿನೆಗರ್ ಕುದಿಸಿ ಜೇನು ಬೆರೆಸಿ ಕುಡಿದರೆ ಬ್ಲಾಕ್ ಮಾಯ ಎಂಬ ಫಾರ್ವರ್ಡ್ ನಿಮಗೂ ಬಂದಿರಬೇಕು. ಅರಳಿ ಎಲೆಯ ಕಷಾಯದಿಂದ 99% ಬ್ಲಾಕ್ ಕೂಡ ಹೋಗುತ್ತದೆ ಎಂಬುದು ಅದರ ತಮ್ಮ. ಇವುಗಳ ಹಿಂದಿರುವ ಕಲ್ಪನೆ ಅಡುಗೆಮನೆ ಸಿಂಕ್‌ನದು: ಪೈಪ್ ಕಟ್ಟಿಕೊಂಡಿದೆ, ಆ್ಯಸಿಡ್ ಸುರಿದರೆ ಜಿಡ್ಡು ಕರಗುತ್ತದೆ.

ರಕ್ತನಾಳದಲ್ಲಿ ನಡೆಯುವುದೇ ಬೇರೆ. ಕೊಬ್ಬು ಸಿಂಕ್ ಪೈಪ್‌ನ ಜಿಡ್ಡಿನಂತೆ ಒಳಮೈಗೆ ಅಂಟಿರುವುದಿಲ್ಲ. ಅದು ನಾಳದ ಗೋಡೆಯ ಒಳಪದರದ ಕೆಳಗೆ ಬೆಳೆದಿರುತ್ತದೆ. ಅದರಲ್ಲಿ ಕೊಲೆಸ್ಟ್ರಾಲ್ ಜೊತೆ ಜೀವಕೋಶ, ನಾರು, ಎಷ್ಟೋ ಸಲ ಗಟ್ಟಿ ಕ್ಯಾಲ್ಸಿಯಂ ಕೂಡ ಇರುತ್ತದೆ. ನೀವು ಕುಡಿದ ನಿಂಬೆರಸ ಹೋಗುವುದು ಹೊಟ್ಟೆಗೆ. ಅಲ್ಲಿರುವ ಆಮ್ಲವೇ ನಿಂಬೆಗಿಂತ ಖಾರ. ರಕ್ತದ ಪಿಎಚ್ ಅನ್ನು ದೇಹ 7.35ರಿಂದ 7.45ರ ನಡುವೆ ಹಿಡಿದಿಡುತ್ತದೆ, ಹುಳಿ ತಿಂದರೂ ಅದು ಹುಳಿಯಾಗುವುದಿಲ್ಲ. ಅಡುಗೆಯಲ್ಲಿ ಬೆಳ್ಳುಳ್ಳಿ ಹಾಕಿ, ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಆಸ್ಪಿರಿನ್ ಅಥವಾ ಕ್ಲೊಪಿಡೋಗ್ರೆಲ್ ತೆಗೆದುಕೊಳ್ಳುವವರು ಬೆಳ್ಳುಳ್ಳಿ ಕ್ಯಾಪ್ಸೂಲ್‌ಗಳನ್ನು ವೈದ್ಯರನ್ನು ಕೇಳದೆ ಸೇರಿಸಿಕೊಂಡರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು.

ಇನ್ನೊಂದು ತಪ್ಪು ಶೇಕಡಾವಾರಿನದು. "ನನಗೆ 40% ಮಾತ್ರ" ಎಂದು ಸಮಾಧಾನ, "70% ಅಂತೆ, ಮುಗಿಯಿತು" ಎಂದು ಅಳು. ಇದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಲೆಕ್ಕವಲ್ಲ. ಆ್ಯಂಜಿಯೋಗ್ರಾಂನಲ್ಲಿ ಹೇಳುವುದು ನಾಳದ ಅಗಲ ಎಷ್ಟು ಕಿರಿದಾಗಿದೆ ಎಂದು, ಅದನ್ನೂ ಬಹಳ ಸಲ ಕಣ್ಣಂದಾಜಿನಲ್ಲೇ ಹೇಳುತ್ತಾರೆ. ಹೃದಯಾಘಾತ ಹೆಚ್ಚಾಗಿ ಆಗುವುದು ಗೋಡೆಯ ಕೊಬ್ಬಿನ ಮೇಲಿನ ಪದರ ಒಡೆದು, ಅದರ ಮೇಲೆ ರಕ್ತ ದಿಢೀರನೆ ಹೆಪ್ಪುಗಟ್ಟಿದಾಗ. ನಿನ್ನೆವರೆಗೆ 40% ಇದ್ದ ಜಾಗವೂ ಹಾಗೆ ಒಡೆಯಬಹುದು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ವೈದ್ಯರು "ನಿಲ್ಲಿಸಬೇಡಿ" ಎನ್ನುವುದು ಈ ಪದರ ಗಟ್ಟಿಯಾಗಿರಲಿ ಎಂದೇ.

ಇತ್ತ, ಸ್ಥಿರವಾಗಿರುವ ಕಾಯಿಲೆಯಲ್ಲಿ ಬ್ಲಾಕ್ ಕಂಡ ಕೂಡಲೇ ಸ್ಟೆಂಟ್ ಹಾಕಲೇಬೇಕು ಎಂದೂ ಇಲ್ಲ. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಎಂಬ ಅಧ್ಯಯನದಲ್ಲಿ ಭಾರತವೂ ಸೇರಿ ಹಲವು ದೇಶಗಳ 5,179 ಜನರಿದ್ದರು. ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದವರಿಗೂ, ಒಳ್ಳೆಯ ಔಷಧಿಯಿಂದ ಶುರು ಮಾಡಿದವರಿಗೂ ಸಾವು ಮತ್ತು ಹೃದಯಾಘಾತದಲ್ಲಿ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ; ಎದೆನೋವು ಮಾತ್ರ ಮೊದಲಿನವರಿಗೆ ಹೆಚ್ಚು ಕಡಿಮೆಯಾಯಿತು. ಎಡಗಡೆಯ ಮುಖ್ಯ ನಾಳದಲ್ಲೇ ದೊಡ್ಡ ಬ್ಲಾಕ್ ಇದ್ದವರನ್ನು ಇದರಲ್ಲಿ ಸೇರಿಸಿರಲಿಲ್ಲ. ಹೃದಯಾಘಾತ ಆಗುತ್ತಿರುವವರಿಗೂ ಈ ಮಾತು ಅನ್ವಯಿಸುವುದಿಲ್ಲ. ಅವರಿಗೆ ಒಂದೊಂದು ನಿಮಿಷವೂ ಲೆಕ್ಕ.

ಇಸಿಜಿ ಚೀಟಿಯ ಮೇಲಿನ ಸಾಲು

2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳ ನಂತರ ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಹೀಗೆ ಭಯದಿಂದ ಇಸಿಜಿ ಮಾಡಿಸಿಕೊಂಡವರ ಕೈಗೆ ಬರುವ ಚೀಟಿಯ ಮೇಲ್ತುದಿಯಲ್ಲಿ ಯಂತ್ರವೇ ಒಂದು ಸಾಲು ಅಚ್ಚು ಹಾಕಿರುತ್ತದೆ. ಅಲ್ಲಿ "ರೈಟ್ ಬಂಡಲ್ ಬ್ರಾಂಚ್ ಬ್ಲಾಕ್", ಚುಟುಕಾಗಿ ಆರ್‌ಬಿಬಿಬಿ, ಎಂದು ಕಂಡರೆ ಮನೆಯವರ ಜೀವ ಬಾಯಿಗೆ ಬರುತ್ತದೆ. ಇದು ವೈರ್‌ನ ಮಾತು: ಬಲ ಕವಲಿನಲ್ಲಿ ಸಂಕೇತ ತಡವಾಗಿ ಸಾಗುತ್ತಿದೆ. ಇದು ಆರೋಗ್ಯವಾಗಿರುವವರಲ್ಲೂ ಕಾಣುತ್ತದೆ, ಬೇರೆ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಚಿಕಿತ್ಸೆಯೂ ಬೇಡ. ಸ್ಟೆಂಟ್‌ಗೂ ಇದಕ್ಕೂ ಸಂಬಂಧವಿಲ್ಲ. ಎಡ ಕವಲಿನ ಬ್ಲಾಕ್ ಎಂದಿದ್ದರೆ ಹಾಗೆ ಬಿಡಬಾರದು, ಎಕೋ ಮುಂತಾದ ಪರೀಕ್ಷೆ ಬೇಕು.

ನಡುವಿನ ಗಂಟಿನಲ್ಲಿ ತಡೆಯಾದರೆ ಅದಕ್ಕೆ ಮೂರು ಹಂತ. ಮೊದಲ ಹಂತದಲ್ಲಿ ಸಂಕೇತ ತಡವಾದರೂ ಪ್ರತಿಯೊಂದೂ ತಲುಪುತ್ತದೆ. ಎರಡನೆಯದರಲ್ಲಿ ಕೆಲವು ತಪ್ಪಿಹೋಗುತ್ತವೆ. ಮೂರನೆಯದರಲ್ಲಿ ಒಂದೂ ತಲುಪುವುದಿಲ್ಲ. ಹೃದಯದ ಕೆಳಭಾಗ ತನ್ನದೇ ನಿಧಾನಗತಿಯಲ್ಲಿ, ನಿಮಿಷಕ್ಕೆ 30-40 ಸಲ ಬಡಿಯುತ್ತಿರುತ್ತದೆ. ತಲೆಸುತ್ತು, ಕಣ್ಣು ಕತ್ತಲೆ, ನಿಂತಲ್ಲೇ ಎಚ್ಚರ ತಪ್ಪುವುದು ಇದರ ಗುರುತು. ಇದಕ್ಕೆ ಮದ್ದು ಪೇಸ್‌ಮೇಕರ್. ದೇಹದೊಳಗೆ ಪೇಸ್‌ಮೇಕರ್ ಇಟ್ಟದ್ದು ಜಗತ್ತಿನಲ್ಲಿ ಮೊದಲು 1958ರಲ್ಲಿ, ಸ್ವೀಡನ್‌ನ ಆರ್ನೆ ಲಾರ್ಸನ್ ಎಂಬವರಿಗೆ. ಮೊದಲ ಯಂತ್ರ ಕೆಲವೇ ಗಂಟೆ ಕೆಲಸ ಮಾಡಿತು. ಆಮೇಲೆ ಒಂದಾದ ಮೇಲೊಂದು ಯಂತ್ರ ಬದಲಿಸುತ್ತಾ ಅವರು 2001ರವರೆಗೆ, 86 ವರ್ಷ ಬದುಕಿದರು. ಆ ಯಂತ್ರ ಮಾಡಿದ ಎಂಜಿನಿಯರೂ, ಅದನ್ನು ಇಟ್ಟ ಸರ್ಜನ್ನೂ ಅವರಿಗಿಂತ ಮೊದಲೇ ತೀರಿಕೊಂಡಿದ್ದರು.

ಪಕ್ಕದ ಮನೆಯವರ ಮಾತ್ರೆ

ಬೀಟಾ ಬ್ಲಾಕರ್ ಎಂಬ ಹೆಸರು ನೋಡಿ "ಇದರಿಂದಲೇ ಬ್ಲಾಕ್ ಆಗುತ್ತದಾ?" ಎಂದು ಹೆದರುವವರಿದ್ದಾರೆ. ಮೆಟೊಪ್ರೊಲಾಲ್, ಅಟೆನೊಲಾಲ್ ಈ ಗುಂಪಿನವು. ಇವು ತಡೆಯುವುದು ಹೃದಯದ ಮೇಲೆ ಅಡ್ರಿನಲಿನ್ ಮಾಡುವ ಒತ್ತಡವನ್ನು. ಹೃದಯ ನಿಧಾನವಾಗಿ ಬಡಿಯುತ್ತದೆ, ಅದಕ್ಕೆ ಬೇಕಾದ ರಕ್ತವೂ ಕಡಿಮೆಯಾಗುತ್ತದೆ. ಹಾಗಾಗಿ ಪೈಪ್‌ನ ಬ್ಲಾಕ್ ಇರುವ ಅನೇಕರಿಗೆ ಇವು ಬಲು ಉಪಯೋಗ, ತಾವಾಗಿಯೇ ದಿಢೀರನೆ ನಿಲ್ಲಿಸುವುದು ಅಪಾಯ.

ಆದರೆ ಇದೇ ಮಾತ್ರೆ ನಡುವಿನ ಗಂಟಿನಲ್ಲಿ ಸಂಕೇತವನ್ನು ಇನ್ನಷ್ಟು ತಡ ಮಾಡುತ್ತದೆ. ವೈರ್‌ನಲ್ಲಿ ಎರಡನೇ ಅಥವಾ ಮೂರನೇ ಹಂತದ ಬ್ಲಾಕ್ ಇದ್ದು ಪೇಸ್‌ಮೇಕರ್ ಇಲ್ಲದವರಿಗೆ ಇದನ್ನು ಕೊಡುವುದಿಲ್ಲ. "ನಮ್ಮ ಭಾವನಿಗೂ ಬ್ಲಾಕ್ ಇತ್ತು, ಈ ಮಾತ್ರೆಯಲ್ಲಿ ಹುಷಾರಾದರು, ತಗೊಳ್ಳಿ" ಎಂದು ಯಾರಾದರೂ ಸ್ಟ್ರಿಪ್ ಕೊಟ್ಟರೆ, ಭಾವನದು ಯಾವ ಬ್ಲಾಕ್, ನಿಮ್ಮದು ಯಾವ ಬ್ಲಾಕ್? ಮೊದಲೇ ನಿಮಿಷಕ್ಕೆ 40 ಬಡಿಯುತ್ತಿರುವ ಹೃದಯ ಅಲ್ಲೇ ನಿಂತುಬಿಡಬಹುದು.

ಡಾಕ್ಟರ್ "ಬ್ಲಾಕ್ ಇದೆ" ಎಂದಾಗ ಕೇಳಬೇಕಾದದ್ದು ಇಷ್ಟೇ: "ರಕ್ತನಾಳದ್ದಾ, ಕರೆಂಟ್‌ದಾ?" ಉತ್ತರವನ್ನು ಅವರ ಕೈಯಲ್ಲೇ ಚೀಟಿಯ ಮೇಲೆ ಬರೆಸಿಕೊಳ್ಳಿ. ಇಸಿಜಿ, ಎಕೋ, ಆ್ಯಂಜಿಯೋಗ್ರಾಂ ವರದಿಗಳ ಫೋಟೋ ತೆಗೆದು ಮನೆಯಲ್ಲಿ ಇಬ್ಬರ ಫೋನಿನಲ್ಲಾದರೂ ಇಟ್ಟುಕೊಳ್ಳಿ. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಡಿದರೆ ಗ್ಯಾಸ್ ಎಂದು ಜೀರಿಗೆ ನೀರು ಕುಡಿಯುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ಊರಲ್ಲಿರುವ ಅಪ್ಪ-ಅಮ್ಮನಿಗೂ ಇದನ್ನು ಹೇಳಿಡಿ: ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಬೇಕಾದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ.