ಗುಂಡೇಟಿನ ದೇಹ, ಈಜುಕೊಳದ ಮದ್ದು: ಪಿಂಪ್ರಿ-ಚಿಂಚವಾಡದ ಫಿಸಿಯೋಥೆರಪಿ ಇತಿಹಾಸ

ಸೇನೆಯ ಇಎಂಇ (ವಿದ್ಯುನ್ಮಾನ ಮತ್ತು ಯಾಂತ್ರಿಕ ಎಂಜಿನಿಯರಿಂಗ್) ದಳದಲ್ಲಿ ಬಾಕ್ಸಿಂಗ್ ಪಟುವಾಗಿದ್ದ ಮುರಳೀಕಾಂತ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದು ಕಾಲಿನ ಬಲ ಕಳೆದುಕೊಂಡರು. ಅವರು ನೀರಿಗಿಳಿದದ್ದು ಪದಕಕ್ಕಲ್ಲ, ಚಿಕಿತ್ಸೆಗೆ. 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. ಆಮೇಲೆ ದುಡಿದದ್ದು ಪುಣೆಯ ಟೆಲ್ಕೋ ವಾಹನ ಕಾರ್ಖಾನೆಯಲ್ಲಿ.

ಪುಣೆಗೆ ಹೊಂದಿಕೊಂಡ ಕೈಗಾರಿಕಾ ನಗರ ಪಿಂಪ್ರಿ-ಚಿಂಚವಾಡದ ಫಿಸಿಯೋಥೆರಪಿಯ ಇತಿಹಾಸವನ್ನು ಇಲ್ಲಿಂದಲೇ ಶುರುಮಾಡಬೇಕು. ಸೇನೆ, ಆಟ, ಕಾರ್ಖಾನೆ ಮೂರೂ ಈ ಒಬ್ಬರ ಬದುಕಿನಲ್ಲಿ ಕೂಡಿವೆ.

ಎರಡನೆಯ ಮಹಾಯುದ್ಧದ ಗಾಯಾಳುಗಳಿಗಾಗಿ 1944ರಲ್ಲಿ ಪುಣೆಯಲ್ಲಿ ಕೃತಕ ಅವಯವ ಕೇಂದ್ರ ತೆರೆಯಿತು. 1974ರಲ್ಲಿ ನೆರೆಯ ಖಡಕಿಯಲ್ಲಿ ಬೆನ್ನುಹುರಿ ಪೆಟ್ಟಿನ ಯೋಧರಿಗೆ ಪುನರ್ವಸತಿ ಕೇಂದ್ರ ಬಂತು. ಇತ್ತ 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್, ಅದರ ಬೆನ್ನಿಗೆ ಟೆಲ್ಕೋ, ಬಜಾಜ್. ಕೆಲಸ ಹುಡುಕಿ ಬಂದವರಲ್ಲಿ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ದಿನವಿಡೀ ತೋಳೆತ್ತಿ ಬೋಲ್ಟ್ ಬಿಗಿಯುವವನ ಭುಜಕ್ಕೂ ವೇಗದ ಬೌಲರನ ಭುಜಕ್ಕೂ ನೋವಿನ ಬೇರು ಬಹುಪಾಲು ಒಂದೇ: ಒಂದೇ ಸ್ನಾಯುರಜ್ಜುವಿನ ಮೇಲೆ ಮತ್ತೆ ಮತ್ತೆ ಬೀಳುವ ಭಾರ. ಆಟಗಾರನಿಗೆ ಸಿಗುವ ಆರೈಕೆ ಕಾರ್ಮಿಕನಿಗೂ ಸಿಗಬೇಕೆಂಬ ವಾದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ಭಾರತದ ಮೊದಲ ಫಿಸಿಯೋಥೆರಪಿ ಶಾಲೆ 1952ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಆರಂಭವಾಯಿತು. ಇಂದು ಪಿಂಪ್ರಿಯ ಡಿ.ವೈ. ಪಾಟೀಲ್ ವಿದ್ಯಾಪೀಠದಲ್ಲೇ ಈ ವಿದ್ಯೆಗೆ ಕಾಲೇಜಿದೆ. ಪಕ್ಕದ ಬಾಲೇವಾಡಿಯ ಕ್ರೀಡಾಸಂಕೀರ್ಣ 1994ರ ರಾಷ್ಟ್ರೀಯ ಕ್ರೀಡಾಕೂಟವನ್ನೂ 2008ರ ಕಾಮನ್‌ವೆಲ್ತ್ ಯುವ ಕ್ರೀಡಾಕೂಟವನ್ನೂ ಕಂಡಿತು.

ಆದರೆ ಮೈ ನೀವುವ ಕೈ ಇದಕ್ಕಿಂತ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ ಜಟ್ಟಿಗಳ ವರ್ಗ, ಆಹಾರ, ಕಸರತ್ತುಗಳನ್ನು ವಿವರಿಸುತ್ತದೆ. ಅಭ್ಯಂಗಕ್ಕೂ ಅಲ್ಲಿ ಜಾಗವಿದೆ. ಗರಡಿಯ ಉಸ್ತಾದರ ಎಣ್ಣೆ ಉಜ್ಜುವಿಕೆ ಆ ಜಾಡಿನದೇ.

ಹೊಸ ವಿದ್ಯೆ ಉಜ್ಜುವುದಕ್ಕೆ ನಿಲ್ಲಲಿಲ್ಲ, ಭಾರ ಹೊರಿಸಿತು. ಸ್ವೀಡನ್ನಿನ ಶಸ್ತ್ರವೈದ್ಯ ಹೋಕನ್ ಆಲ್ಫ್ರೆಡ್‌ಸನ್ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜುವಿನ ನೋವಿಗೆ ಹೇಳಿಕೊಟ್ಟ ವ್ಯಾಯಾಮ 1998ರಲ್ಲಿ ಪ್ರಕಟವಾಯಿತು. ಮೆಟ್ಟಿಲಿನ ಅಂಚಿಗೆ ಮುಂಗಾಲೂರಿ ನಿಂತು ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸಬೇಕು. ಮಂಡಿ ನೇರವಿಟ್ಟು 15ರಂತೆ ಮೂರು ಸಲ, ಮಂಡಿ ಬಗ್ಗಿಸಿ ಮತ್ತೆ ಮೂರು ಸಲ. ದಿನಕ್ಕೆರಡು ಹೊತ್ತು, 12 ವಾರ. ಲೆಕ್ಕ ಹಾಕಿದರೆ ದಿನಕ್ಕೆ 180 ಸಲ! ಅಧ್ಯಯನದ 15 ಮಂದಿಯೂ ಓಟಕ್ಕೆ ಮರಳಿದರು. ಮೆಟ್ಟಿಲೊಂದೇ ಸಲಕರಣೆಯಾದ ಈ ಚಿಕಿತ್ಸೆ ಪಿಂಪ್ರಿ-ಚಿಂಚವಾಡದ ಭೋಸರಿಯ ಚಾಳಿನಲ್ಲೂ ನಡೆಯುತ್ತದೆ.

ಪಾದ ಉಳುಕಿ ನಾಲ್ಕು ಹೆಜ್ಜೆ ಊರಲೂ ಆಗದಿದ್ದರೆ ಮೊದಲು ಎಕ್ಸ್‌ರೇ ಮಾಡಿಸಿ. ಮೂಳೆ ಮುರಿದಿಲ್ಲವೆಂದು ಗೊತ್ತಾದ ಮೇಲೆ ಚಿಕಿತ್ಸೆಯ ಯಂತ್ರದಡಿ ಮಲಗಿ ಎದ್ದು ಬಂದರೆ ಸಾಲದು; ಮನೆಯಲ್ಲಿ ಯಾವ ವ್ಯಾಯಾಮ, ಎಷ್ಟು ಸಲ, ಎಷ್ಟು ವಾರ ಎಂದು ಫಿಸಿಯೋಥೆರಪಿಸ್ಟರನ್ನು ಕೇಳಿ ಬರೆದುಕೊಳ್ಳಿ. ನೋವು ತಗ್ಗಿತೆಂದು ನಡುವೆ ಬಿಡಬೇಡಿ.