ಶಾಲಾ ಶಿಕ್ಷಣದಲ್ಲಿ ನಾಯಿ ಮತ್ತಿತರ ಪ್ರಾಣಿಗಳು

ಪ್ರಾಣಿಗಳ ಒಡನಾಟದಿಂದ ಮಕ್ಕಳಿಗೆ ಕಲಿಸುವ ಯೋಚನೆ ಪಶ್ಚಿಮದಲ್ಲಿ ಮೊದಲು ಬೆಳೆದದ್ದು ನೀತಿಶಿಕ್ಷಣವಾಗಿ. ಜಾನ್ ಲಾಕ್ 1693ರ ತನ್ನ ಶಿಕ್ಷಣಗ್ರಂಥದಲ್ಲಿ ಒಬ್ಬ ತಾಯಿಯನ್ನು ಮೆಚ್ಚಿ ಬರೆದಿದ್ದಾನೆ. ಆಕೆ ಹೆಣ್ಣುಮಕ್ಕಳಿಗೆ ನಾಯಿ, ಅಳಿಲು, ಹಕ್ಕಿಗಳನ್ನು ಕೊಡಿಸಿ, ಅವನ್ನು ಚೆನ್ನಾಗಿ ನೋಡಿಕೊಳ್ಳುವ ಹೊಣೆಯನ್ನೂ ಅವರಿಗೇ ವಹಿಸುತ್ತಿದ್ದಳು. 1875ರಲ್ಲಿ ಬ್ರಿಟನ್ನಿನಲ್ಲಿ ಕ್ಯಾಥರೀನ್ ಸ್ಮಿಥೀಸ್ ಮಕ್ಕಳಿಗಾಗಿ 'ಬ್ಯಾಂಡ್ ಆಫ್ ಮರ್ಸಿ' ಎಂಬ ದಯಾಸಂಘ ಕಟ್ಟಿದರು. 1882ರಲ್ಲಿ ಅದು ಬಾಸ್ಟನ್ನಿಗೂ ಹಬ್ಬಿತು. 1909ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯ ಪ್ರಾಣಿದಯೆಯ ಪಾಠವನ್ನು ಕಾನೂನಿನಿಂದಲೇ ಶಾಲೆಗೆ ತಂದಿತು. ಇಲ್ಲೆಲ್ಲ ಪ್ರಾಣಿ ಪಾಠದ ವಿಷಯವಾಗಿತ್ತೇ ಹೊರತು ತರಗತಿಯ ಜೊತೆಗಾರನಾಗಿರಲಿಲ್ಲ.

ಆ ಬದಲಾವಣೆಗೆ ದಾರಿಯಾದದ್ದು ಮನೋಚಿಕಿತ್ಸೆ. ನ್ಯೂಯಾರ್ಕಿನ ಮಕ್ಕಳ ಮನೋವಿಜ್ಞಾನಿ ಬೋರಿಸ್ ಲೆವಿನ್ಸನ್ ಅವರ ಬಳಿಗೆ, ಯಾರೊಂದಿಗೂ ಬೆರೆಯದ ಹುಡುಗನೊಬ್ಬ ನಿಗದಿತ ವೇಳೆಗಿಂತ ಮೊದಲೇ ಬಂದ. ಕೋಣೆಯಲ್ಲಿದ್ದ ಅವರ ನಾಯಿ ಜಿಂಗಲ್ಸ್ ಜೊತೆ ಅವನು ಸಲೀಸಾಗಿ ಬೆರೆತ. ಈ ಅನುಭವವನ್ನು ಅವರು 1961ರಲ್ಲಿ ಮಂಡಿಸಿದಾಗ ಸಹೋದ್ಯೋಗಿಗಳು ಗೇಲಿ ಮಾಡಿದರು. ಅವರು ಹಿಂಜರಿಯದೆ 1969ರಲ್ಲಿ ಗ್ರಂಥವನ್ನೇ ಬರೆದರು.

ಚಿಕಿತ್ಸೆಯಿಂದ ಕಲಿಕೆಯತ್ತ ಹೆಜ್ಜೆಯಾಗಿ, 1999ರಲ್ಲಿ ಅಮೆರಿಕದ ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ 'ಇಂಟರ್‌ಮೌಂಟನ್ ಥೆರಪಿ ಅನಿಮಲ್ಸ್' ಸಂಸ್ಥೆ ಮಕ್ಕಳು ನಾಯಿಗೆ ಓದಿ ಹೇಳುವ 'ರೀಡ್' ಕಾರ್ಯಕ್ರಮವನ್ನು ಗ್ರಂಥಾಲಯದಲ್ಲಿ ಆರಂಭಿಸಿತು. ಬಳಿಕ ಅದು ಶಾಲೆಗಳಿಗೂ ಬಂತು. ಓದಲು ತಡವರಿಸುವ ಮಗು ತರಬೇತಾದ ನಾಯಿಯ ಪಕ್ಕ ಕೂತು ಗಟ್ಟಿಯಾಗಿ ಓದುತ್ತದೆ. ತಪ್ಪಿದರೆ ನಾಯಿ ನಗುವುದಿಲ್ಲ, ಅವಸರಿಸುವುದಿಲ್ಲ. ಕಠಿಣ ಪದ ಬಂದಾಗ ನಾಯಿಯ ಜೊತೆಗಾರರು, ಇದಕ್ಕೆ ಈ ಪದ ಗೊತ್ತಿಲ್ಲ, ನೀನೇ ವಿವರಿಸು ಎನ್ನುತ್ತಾರೆ. ಕಲಿಯುವ ಮಗು ಕಲಿಸುವ ಮಗುವಾಗುತ್ತದೆ. ಈ ಕ್ರಮದ ನಿಜವಾದ ಬಲ ಇರುವುದು ಇಲ್ಲಿಯೇ.

ವಿಯೆನ್ನಾದ ಒಂದನೇ ತರಗತಿಯ 24 ಮಕ್ಕಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಯಿ ಇದ್ದ ದಿನಗಳಲ್ಲಿ ಜಗಳಗಂಟಿತನ ತಗ್ಗಿ, ಶಿಕ್ಷಕರತ್ತ ಗಮನ ಹೆಚ್ಚಿದ್ದು ಕಂಡಿತು. ಗುಂಪು ಚಿಕ್ಕದಾದ್ದರಿಂದ ಇದನ್ನು ಆಶಾದಾಯಕ ಸುಳಿವೆಂದಷ್ಟೇ ಪರಿಗಣಿಸಬೇಕು. ಅಲರ್ಜಿ ಅಥವಾ ಭಯವಿರುವ ಮಕ್ಕಳನ್ನೂ, ಗದ್ದಲಕ್ಕೆ ದಣಿಯುವ ನಾಯಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆ ಯಾರಿಗೂ ಹಿತವಲ್ಲ.

ರೇಬೀಸ್ ಇಂದಿಗೂ ಜೀವ ತೆಗೆಯುತ್ತಿರುವ ಭಾರತದಲ್ಲಿ, ಕರ್ನಾಟಕದಲ್ಲೂ, ನಾಯಿಯ ಕುರಿತ ಮೊದಲ ಪಾಠ ಬೇರೆಯೇ ಆಗಬೇಕು: ಉಣ್ಣುವ, ಮಲಗಿದ, ಮರಿಗಳೊಂದಿಗಿರುವ ನಾಯಿಯನ್ನು ಕೆಣಕಬಾರದು, ಕಚ್ಚಿದರೆ ಮನೆಯಲ್ಲಿ ಮುಚ್ಚಿಡದೆ ಹೇಳಬೇಕು, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಲಸಿಕೆ ಹಾಕಿಸಿಕೊಳ್ಳಬೇಕು.